ಬಂಗಾರ ಜಾಲಸೋ ಪ್ಯಾನ್ ಕಿಟ್: ನಮ್ಮ ಸಾಲ್ಯಾಗ ಒಂದು ವರ್ಷ ಬಳಸಿದ ಮ್ಯಾಲ ಬರ್ದ ರಿವ್ಯೂ

ಮೊದಲ ಇದನ್ನ ಯಾರು ತಗೋಬಾರದು ಅಂತ ಹೇಳಿಬಿಡ್ತೀನಿ. ಕೃಷ್ಣಾ ಹೊಳಿ ದಂಡಿಗಿ ಹೋಗಿ ನಾಲ್ಕು ಸಲ ಉಸುಕು ತಿರುವಿದ್ರ ಬಂಗಾರ ಸಿಗ್ತದ ಅಂತ ಆಸೆ ಇಟ್ಕೊಂಡೋರು ತಗೋಬ್ಯಾಡ್ರಿ, ರೊಕ್ಕ ಹಾಳು. ಡಬ್ಬಿ ಮ್ಯಾಲ ಮಾತ್ರ ಯಾವ ಹೊಳಿ ಆದ್ರೂ ನಡಿತದ ಅನ್ನೋಹಂಗ ಬರದಾರ, ಅದು ಖರೇ ಅಲ್ಲ, ಹಂಗ ಬರೀಬಾರದಾಗಿತ್ತು. ಮ್ಯಾಲ ಹೊಳಿ ಉಸುಕಿಗಿ ಕೈ ಹಚ್ಚೋದಕ್ಕೂ ಕಾನೂನು ಅದ, ಅದೂ ನೆನಪಿರಲಿ. ನಾ ತಗೊಂಡಿದ್ದು ಪಾಠಕ್ಕ. ಸುರಪುರ ಕಡಿ ಒಂದು ಹೈಸ್ಕೂಲ್‌ನ್ಯಾಗ ಸಮಾಜ ವಿಜ್ಞಾನ ಹೇಳ್ತೀನಿ, ಒಂಬತ್ತನೇ ಕ್ಲಾಸಿನ ಹುಡುಗೂರಿಗಿ ಅಮೆರಿಕಾದಾಗ ಬಂಗಾರದ ಸಲುವಾಗಿ ಮಂದಿ ಹ್ಯಾಂಗ ಓಡಿ ಹೋದ್ರು ಅಂತ ಹೇಳ್ಲಾಕ ಹೋದ್ರ ಒಬ್ಬಾಕಿ ಎದ್ದು ನಿಂತು, ಸರ ಬಂಗಾರ ಭೂಮ್ಯಾಗ ಇರ್ತದಲ್ರಿ, ನೀರಾಗ ಹ್ಯಾಂಗ ಸಿಗ್ತದ ಅಂತ ಕೇಳಿದ್ಳು, ನಾ ಬೋರ್ಡ್ ಮ್ಯಾಲ ಚಿತ್ರ ತೆಗೆದೆ, ಅಕಿಗಿ ತಿಳೀಲಿಲ್ಲ, ಖರೇ ಹೇಳ್ಬೇಕಂದ್ರ ನಂಗೂ ಕೈಲೆ ಮಾಡಿ ಗೊತ್ತಿರಲಿಲ್ಲ. ಆ ದಿನ ರಾತ್ರಿನೇ ಆನ್‌ಲೈನ್‌ನ್ಯಾಗ ಆರ್ಡರ್ ಹಾಕಿದೆ.

ಡೆಲಿವರಿ ಸೇರಿ 2340 ರೂಪಾಯಿ. ಒಳಗ 14 ಇಂಚಿನ ದೊಡ್ಡ ಪ್ಯಾನ್ ಒಂದು, 10 ಇಂಚಿನ ಸಣ್ಣದೊಂದು, ಬಕೀಟ್ ಬಾಯಿ ಮ್ಯಾಲ ಕೂಡೋವಂಥ ಒಂದು ಜರಡಿ, ಕಣ ಹೀರ್ಕೊಳ್ಳಾಕ ಪಿಚಕಾರಿಯಂಥ ಒಂದು ಮೆತ್ತನ ಬಾಟ್ಲಿ, ಮೂರು ಸಣ್ಣ ಶೀಶೆ, ಚಿಮಟಾ, ಭೂತಗನ್ನಡಿ. ಪ್ಯಾನ್ ಎರಡೂ ಹಸರು ಪ್ಲಾಸ್ಟಿಕ್, ಯಾಕಂದ್ರ ಹಸರಿನ ಮ್ಯಾಲ ಹಳದಿ ಕಣನೂ ಕಾಣ್ತದ, ಕರಿ ಉಸುಕೂ ಕಾಣ್ತದ. ಪ್ಯಾನಿನ ಒಂದು ಬಾಜೂಕ ಮೆಟ್ಟಿಲು ಮೆಟ್ಟಿಲು ಹಂಗ ಅಂಚು ಅವ, ಹಗುರ ಉಸುಕು ನೀರಿನ ಜೊತಿ ಆ ಮೆಟ್ಟಿಲು ದಾಟಿ ಹೊರಗ ಹೋಗ್ತದ, ಭಾರದ್ದು ಮೆಟ್ಟಿಲ ಸಂದ್ಯಾಗ ಸಿಕ್ಕೊಂಡು ಉಳಿತದ. ಅಷ್ಟೇ ಇದರ ವಿದ್ಯಾ. ನೀರಿಗಿಂತ ಬಂಗಾರ 19 ಪಟ್ಟು ಮ್ಯಾಲ ಭಾರ, ಸಾದಾ ಉಸುಕು ಎರಡೂವರಿ ಪಟ್ಟು ಚಿಲ್ಲರ ಅಷ್ಟೇ, ಅಂದ್ರ ಒಂದು ಲೀಟರ್ ಡಬ್ಬಿ ತುಂಬ ಬಂಗಾರ ಹಾಕಿದ್ರ 19 ಕಿಲೋ ದಾಟ್ತದ ಅಂತ ಹೇಳಿದ್ರ ಹುಡುಗೂರು ಬಾಯಿ ತಕ್ಕೊಂಡು ಕೂತ್ರು. ಪುಸ್ತಿಕೆ ಒಂದು ಅದ, ಬರೇ ಇಂಗ್ಲಿಷ್, ಚಿತ್ರನೂ ಸರಿ ಇಲ್ಲ. ಅದನ್ನ ಓದಿ ನಾ ಮೊದಲನೇ ದಿನ ಪ್ಯಾನ್ ತಿರುವಿದ್ದು ನೋಡ್ಬೇಕಿತ್ತು, ಉಸುಕೆಲ್ಲ ಒಮ್ಮೆಲೇ ಹೊರಗ ಹೋಗಿ ಪ್ಯಾನ್ ಖಾಲಿ.

ಆಗ ಬಿಸಿಯೂಟದ ಅಕ್ಕ ಕೈ ಒರೆಸ್ಕೋತ ಬಂದು, ಕೊಡ್ರಿ ಸರ ಇಲ್ಲಿ, ಇದು ಅಕ್ಕಿ ಜಾಲಸೋದೇ ಅಲ್ರಿ ಅಂದ್ರು. ತಗೊಂಡ್ರು, ನೀರಾಗ ಮುಳುಗಿಸಿದ್ರು, ಎರಡು ಕೈಲೆ ಜೋರ್ ಅಲ್ಲಾಡಿಸಿ ಭಾರದ್ದನ್ನ ತಳಕ್ಕ ಕೂಡಿಸಿದ್ರು, ಆಮ್ಯಾಲ ಸ್ವಲ್ಪ ಬಾಗಿಸಿ ಮೆಲ್ಲಕ ಮುಂದ ಹಿಂದ, ಮುಂದ ಹಿಂದ, ನೀರು ತನ್ನಷ್ಟಕ್ಕ ತಾನ ಉಸುಕು ತಗೊಂಡು ಹೋಗ್ಲಾಕ ಹತ್ತಿತು. ಅವರಿಗಿ ಯಾರೂ ಕಲಿಸಿಲ್ಲ, ಮೂವತ್ತು ವರ್ಷ ಅಕ್ಕಿ, ತೊಗರಿ ಬ್ಯಾಳ್ಯಾಗಿನ ಹಳ್ಳು ತಗದ ಕೈ ಅದು. ನಮ್ಮ ಕನ್ನಡದಾಗ ಹಿಂಗ ಬಂಗಾರ ಜಾಲಸೋರಿಗಿ ಜಾಲಗಾರರು ಅಂತ ಹೆಸರೇ ಅದ, ಧಾರವಾಡ ಗದಗ ಕಡಿ ಹಳ್ಳದ ಉಸುಕು ಜಾಲಸಿ ಬಂಗಾರ ತಗದು ಬದುಕಿದೋರು ಅವ್ರು. ಪುಸ್ತಿಕೆಯೊಳಗ ಆರು ಪುಟ ಬರದದ್ದು ಅಕ್ಕ ಒಂದೇ ನಿಮಿಷದಾಗ ತೋರಿಸಿದ್ರು, ಅವತ್ತಿಂದ ಈ ಪಾಠಕ್ಕ ಅವರೇ ಗುರುಗಳು.

ಪರೀಕ್ಷಾ ಹ್ಯಾಂಗ ಮಾಡಿದ್ವಿ ಅಂದ್ರ, ಸೈಕಲ್ ಅಂಗಡಿಯಿಂದ ಸಣ್ಣ ಛರ್ರಾ, ಅಂದ್ರ ಬೇರಿಂಗಿನ ಉಕ್ಕಿನ ಗುಂಡು, 20 ತಂದು ಎರಡು ಬೊಗಸಿ ಉಸುಕಿನಾಗ ಕಲಿಸಿದ್ವಿ. ಮೊದಲನೇ ದಿನ 11 ಸಿಕ್ವು, ನಾಲ್ಕನೇ ದಿನ 19. ಆಮ್ಯಾಲ ಕೀಲಿ ಮಾಡೋರ ಕಡಿಯಿಂದ ಹಿತ್ತಾಳಿ ಪುಡಿ ತಂದು ಕಲಿಸಿದ್ವಿ, ಅದು ಕಷ್ಟ, ಅರ್ಧಕ್ಕರ್ಧ ಹೊರಗ ಹೋಯ್ತು, ಪುಡಿ ಭಾಳ ಸಣ್ಣದು, ಮ್ಯಾಲ ಹಿತ್ತಾಳಿ ಬಂಗಾರದಷ್ಟು ಭಾರನೂ ಇಲ್ಲಲ್ಲ. ಒಂದು ಪ್ಯಾನ್ ಸರಿಯಾಗಿ ತೊಳಿಲಾಕ ಎಂಟು ಹತ್ತು ನಿಮಿಷ ಬೇಕು, ಬೆನ್ನು ಬಾಗಿಸೇ ಇರಬೇಕು, ಮೂರು ಪ್ಯಾನ್ ಆದ ಮ್ಯಾಲ ನನ್ನ ಸೊಂಟ ಹಿಡೀತು. 1849ರಾಗ ಕ್ಯಾಲಿಫೋರ್ನಿಯಾದಾಗ ಹುಷಾರ್ ಕೆಲಸಗಾರ ಒಬ್ಬ ದಿನಕ್ಕ 50 ಪ್ಯಾನ್ ತೊಳಿತಿದ್ದ ಅಂತಾರ, ಅದೂ ಬೆಟ್ಟದಿಂದ ಇಳಿದು ಬಂದ ಮಂಜಿನಂಥ ನೀರಾಗ ಮೊಳಕಾಲು ತನಕ ನಿಂತು. ಹುಡುಗೂರು ಬಕೀಟ್ ನೀರಾಗ ಕೈ ಇಟ್ಟು ಲೆಕ್ಕ ಹಾಕಿದ್ರು, ಒಂದು ದಿನಕ್ಕ 50 ಅಂದ್ರ ಉಣ್ಣಾಕ ಟೈಮ್ ಎಲ್ಲಿ ಸರ ಅಂತ.

ಈಗ ಬೆಲೆ ವಿಚಾರ. 2340 ಜಾಸ್ತಿ ಆಯ್ತು, ಎರಡು ಪ್ಲಾಸ್ಟಿಕ್ ತಟ್ಟಿಗಿ ಅಷ್ಟು ಬೇಡ. ಆದ್ರ ಈ ಬೆಲೆನೇ ಒಂದು ಪಾಠ ಆಯ್ತು ನಮಗ. 1848 ಜನವರಿ 24ಕ್ಕ ಕ್ಯಾಲಿಫೋರ್ನಿಯಾದ ಕೊಲೋಮಾ ಅನ್ನೋ ಜಾಗದಾಗ ಜಾನ್ ಸಟ್ಟರ್ ಅನ್ನೋವನ ಕಟ್ಟಿಗಿ ಕೊಯ್ಯೋ ಮಿಲ್ಲಿನ ಕಾಲವ್ಯಾಗ, ಆ ಮಿಲ್ಲು ಕಟ್ಟಾಕ ಹತ್ತಿದ್ದ ಜೇಮ್ಸ್ ಮಾರ್ಷಲ್‌ಗ ಬಂಗಾರದ ಚೂರು ಕಾಣ್ತು. ಸುದ್ದಿನ ಊರೆಲ್ಲ ಸಾರಿದವ ಸ್ಯಾಮ್ ಬ್ರಾನನ್ ಅಂತ ಒಬ್ಬ ಅಂಗಡಿಕಾರ, ಶೀಶೆಯೊಳಗ ಬಂಗಾರದ ಪುಡಿ ಹಿಡ್ಕೊಂಡು ಸ್ಯಾನ್ ಫ್ರಾನ್ಸಿಸ್ಕೋ ಬೀದಿಯೊಳಗ ಕೂಗ್ಯಾಡಿದ, ಆದ್ರ ಕೂಗೋಕಿಂತ ಮೊದಲ ಸಿಕ್ಕ ಸಿಕ್ಕ ಸಲಿಕಿ, ಗುದ್ದಲಿ, ಪ್ಯಾನ್ ಎಲ್ಲ ಕೊಂಡು ತನ್ನ ಅಂಗಡ್ಯಾಗ ತುಂಬ್ಕೊಂಡಿದ್ದ. 20 ಸೆಂಟಿಗಿ ಕೊಂಡ ತಗಡಿನ ಪ್ಯಾನ್ 15 ಡಾಲರಿಗಿ ಮಾರಿದ ಅಂತ ಹೇಳ್ತಾರ, 75 ಪಟ್ಟು ಆಯ್ತು. ಅವ ಕ್ಯಾಲಿಫೋರ್ನಿಯಾದ ಮೊದಲನೇ ಮಿಲಿಯನೇರ್. ಬಂಗಾರ ಮೊದಲ ಕಂಡ ಮಾರ್ಷಲ್ 1885ರಾಗ ಬಡತನದಾಗ ಸತ್ತ. ಸಟ್ಟರ್‌ನ ಜಮೀನಿನ ಮ್ಯಾಲ ಮಂದಿ ಬಂದು ಕೂತು ಬೆಳಿ, ದನ ಎಲ್ಲ ಹೋಯ್ತು, ಅವನೂ ಉದ್ಧಾರ ಆಗ್ಲಿಲ್ಲ. ಕ್ಲಾಸಿನ್ಯಾಗ ಒಬ್ಬ ಹುಡುಗ ಇದನ್ನ ಕೇಳಿ, ನಮ್ಮ ಊರಾಗೂ ಹತ್ತಿ ಬೆಳದ ರೈತಗ ಸಾಲ ಆಗ್ತದ, ಬೀಜ ಗೊಬ್ಬರ ಮಾರಿದ ಅಂಗಡಿ ಮಾಳಿಗಿ ಮ್ಯಾಲ ಮಾಳಿಗಿ ಏರ್ಸತದ ಸರ ಅಂದ. ನಾ ಅದನ್ನ ಹೇಳಿಕೊಟ್ಟಿರಲಿಲ್ಲ, ಪ್ಯಾನಿನ ಬೆಲೆ ಕೇಳಿ ಅವನೇ ಹೇಳಿದ್ದು.

ಕಿಟ್ಟಿನ ಖರೇ ಕಿಮ್ಮತ್ತು ತಿಳಿದಿದ್ದು ಪತ್ತಾರ ಕಾಕಾರ ಅಂಗಡಿ ಕಸ ಬಂದ ದಿನ. ಸುರಪುರದಾಗ ಬಂಗಾರದ ಸಾಮಾನು ಮಾಡೋ ಒಬ್ಬ ಹಿರಿಯರು ಅದಾರ, ಅವರು ಅಂಗಡಿ ಕಸ, ಕುಲುಮಿ ಬೂದಿ ಯಾವತ್ತೂ ಹೊರಗ ಚೆಲ್ಲೋದಿಲ್ಲ, ಡಬ್ಬ್ಯಾಗ ಕೂಡಿಡ್ತಾರ, ಅದನ್ನ ತೊಳೆದು ಬಂಗಾರ ತೆಗಿಯೋರು ವರ್ಷಕ್ಕೊಮ್ಮೆ ಬಂದು ಕೊಂಡು ಹೋಗ್ತಾರ. ಒಂದು ಬೊಗಸಿ ನಮಗ ಕೊಟ್ರು. ಅಕ್ಕನೇ ಜಾಲಸಿದ್ರು, ಹುಡುಗೂರು ಸುತ್ತ ನಿಂತಿದ್ರು, ಕೊನಿಗಿ ಕರಿ ಪುಡಿ ಅಂಚಿನ್ಯಾಗ ಒಂದು ಕಣ ಹೊಳೀತು ನೋಡ್ರಿ, ಸಾಸಿವಿಗಿಂತ ಸಣ್ಣದು, ಪ್ಯಾನ್ ಬಾಗಿಸಿದ್ರೂ ಜಾಗ ಬಿಟ್ಟು ಅಲ್ಲಾಡವಲ್ದು. ಒಂದು ಗಳಿಗಿ ಯಾರೂ ಮಾತಾಡ್ಲಿಲ್ಲ. ಆಮ್ಯಾಲ 42 ಹುಡುಗೂರು ಒಮ್ಮೆಲೇ ಮುಂದ ನುಗ್ಗಿದ್ರು, ಒಬ್ಬ ಪ್ಯಾನ್ ಕಸ್ಕೊಂಡ, ಇನ್ನೊಬ್ಬ ಉಳಿದ ಕಸದ ಡಬ್ಬಿ ಅಪ್ಪಿಕೊಂಡ, ದೊಡ್ಡ ಹುಡುಗೂರು ಮುಂದ, ಹೆಣ್ಮಕ್ಕಳು ಎಲ್ಲ ಹಿಂದ, ಮೊದಲ ಪ್ರಶ್ನೆ ಕೇಳಿದ್ಳಲ್ಲ ಅಕಿ ಗ್ವಾಡಿಗಿ ಒತ್ತಿ ನಿಂತಿದ್ಳು.

ಎಲ್ಲರನ್ನೂ ಕೂಡ್ರಿಸಿ, ಈಗ ನೀವೇ ಕಾಯ್ದೆ ಮಾಡ್ರಿ ಅಂದೆ. ಕ್ಯಾಲಿಫೋರ್ನಿಯಾದಾಗೂ ಹಂಗೇ ಆಗಿತ್ತು, ಬಂಗಾರದ ಭೂಮಿಗಿ ದೇಶದ ಕಾಯ್ದೆ ಬಂದಿದ್ದು 1866ರಾಗ, ಅಲ್ಲೀತನ ಒಂದೊಂದು ಕ್ಯಾಂಪಿನೋರು ಕೂತು ತಮ್ಮ ತಮ್ಮ ನಿಯಮ ಮಾಡ್ಕೊಂಡಿದ್ರು, ಒಬ್ಬನಿಗಿ ಎಷ್ಟು ಹೆಜ್ಜಿ ಜಾಗ, ಎಷ್ಟು ದಿನ ಕೆಲಸ ಮಾಡ್ದೇ ಬಿಟ್ರ ಜಾಗ ಹೋಗ್ತದ ಅಂತ. ನಮ್ಮ ಹುಡುಗೂರು ಸುಣ್ಣದ ಕಡ್ಡಿಲೆ ನೆಲದ ಮ್ಯಾಲ ಹದ್ದು ಎಳೆದ್ರು, ಒಬ್ಬರಿಗಿ ಐದು ನಿಮಿಷ ಅಂತ ಮಾಡಿದ್ರು, ಅದೆಲ್ಲ ಚಲೋ ಇತ್ತು. ಆಮ್ಯಾಲ ಹೊರಗ ಕಿಟಕಿಯಾಗ ಬಿ ಸೆಕ್ಷನ್ ಹುಡುಗೂರು ನೋಡ್ಲಾಕ ಹತ್ತಿದ್ರು, ತಡಾ ಇಲ್ದಂಗ ಮೂರನೇ ನಿಯಮ ಬಂತು: ಬಿ ಸೆಕ್ಷನ್ನೋರು ಬರಬಾರದು, ಬಂದ್ರ ಎರಡು ರೂಪಾಯಿ ಕೊಡ್ಬೇಕು.

ನಂಗ ಎದಿ ಝಲ್ ಅಂತು. ಯಾಕಂದ್ರ 1850ರಾಗ ಅಲ್ಲಿನ ಸರ್ಕಾರ ಮಾಡಿದ್ದು ಇದೇ, ಪರದೇಶದ ಗಣಿ ಕೆಲಸಗಾರ ತಿಂಗಳಿಗಿ 20 ಡಾಲರ್ ತೆರಿಗಿ ಕೊಡ್ಬೇಕು. ಮೊದಲ ಹೊಡತ ಬಿದ್ದಿದ್ದು ಮೆಕ್ಸಿಕೋದ ಸೊನೋರಾ ಕಡಿಯಿಂದ ಬಂದೋರಿಗಿ. ಅವರು ತಲೆತಲಾಂತರದಿಂದ ಬಟೇಯಾ ಅನ್ನೋ ಕಟ್ಟಿಗಿ ಬೋಗುಣಿಯೊಳಗ ಬಂಗಾರ ಜಾಲಸಿದ ಮಂದಿ, ಹೊಸದಾಗಿ ಬಂದ ಎಷ್ಟೋ ಬಿಳಿಯರು ಅವರ ಕೈ ನೋಡೇ ಕೆಲಸ ಕಲ್ತಿದ್ರು. ಕಲಿಸಿದೋರನ್ನೇ ಹೊರಗ ಹಾಕಿದ್ರು. ಸಾವಿರಾರು ಮಂದಿ ಬಿಟ್ಟು ಹೋದ್ರು, ಅಂಗಡಿಕಾರರ ವ್ಯಾಪಾರ ಬಿದ್ದು ಅವರೇ ಗಲಾಟಿ ಮಾಡಿದ ಮ್ಯಾಲ ಮರುವರ್ಷ ತೆರಿಗಿ ತೆಗೆದ್ರು, 1852ರಾಗ ತಿಂಗಳಿಗಿ 3 ಡಾಲರ್ ಅಂತ ಮತ್ತ ತಂದ್ರು, ಆಗ ಅದು ಬಿದ್ದಿದ್ದು ಚೀನಾದಿಂದ ಬಂದೋರ ಮ್ಯಾಲ. 1882ಕ್ಕ ಚೀನಾದ ಕೂಲಿಗಳು ದೇಶದೊಳಗ ಬರಲೇಬಾರದು ಅಂತ ಕಾಯ್ದೆ ಆಯ್ತು. ಇಷ್ಟು ಹೇಳಿ ಬಿಸಿಯೂಟದ ಅಕ್ಕನ ಕಡಿ ಕೈ ತೋರಿಸಿ, ಇವರು ಯಾವ ಸೆಕ್ಷನ್ ಅಂತ ಕೇಳಿದೆ. ಹುಡುಗೂರು ತಾವೇ ಎದ್ದು ಮೂರನೇ ನಿಯಮ ಅಳಿಸಿದ್ರು.

ಅದಕ್ಕಿಂತ ಭಾರದ ಮಾತು ಒಂದು ಉಳಿದಿತ್ತು, ಅದನ್ನ ಮರುದಿನ ಹೇಳಿದೆ. ಬಂಗಾರ ಸಿಗೋಕಿಂತ ಮೊದಲ ಕ್ಯಾಲಿಫೋರ್ನಿಯಾದಾಗ ಸುಮಾರು ಒಂದೂವರಿ ಲಕ್ಷ ಮೂಲ ನಿವಾಸಿಗಳಿದ್ರು, ಕೊಲೋಮಾ ನಿಸೆನಾನ್ ಜನರ ನೆಲ, ಮೊದಲನೇ ವರ್ಷ ಹೊಳ್ಯಾಗ ದುಡದೋರೊಳಗ ಅವರೇ ಭಾಳ ಮಂದಿ. ಮುಂದ ಏಳೆಂಟು ವರ್ಷದಾಗ ಹೊರಗಿನಿಂದ ಮೂರು ಲಕ್ಷ ಮಂದಿ ಬಂದ್ರು. ಹೊಳಿ ಕೆಸರಾಗಿ ಮೀನು ಸತ್ವು, ಓಕ್ ಗಿಡ ಕಡಿದ್ರು, ಬೇನಿ ಬಂತು, ಬಂದೂಕು ತಗೊಂಡು ಬೇಟಿಯಾಡಿದಂಗ ಕೊಂದ್ರು, ಕೊಂದ ದಂಡಿನೋರಿಗಿ ರಾಜ್ಯ ಸರ್ಕಾರನೇ ಖರ್ಚು ಕೊಟ್ಟಿತು. 1850ರ ಒಂದು ಕಾಯ್ದೆ ಹೆಸರಿಗಿ ಅವರ ರಕ್ಷಣಾ ಅಂತ ಇತ್ತು, ಒಳಗ ಮಾತ್ರ ಅವರ ಮಕ್ಕಳನ್ನ ದುಡಿಲಾಕ ಹಿಡ್ಕೊಂಡು ಹೋಗ್ಲಾಕ ದಾರಿ ಮಾಡಿತ್ತು. ಜೀತ ಅಂದ್ರ ನಮ್ಮ ಕಡಿ ಹುಡುಗೂರಿಗಿ ಬಿಡಿಸಿ ಹೇಳ್ಬೇಕಾಗಿಲ್ಲ. 1870ರ ಹೊತ್ತಿಗಿ ಉಳಿದಿದ್ದು ಸುಮಾರು 30,000 ಮಂದಿ. ಕ್ಲಾಸಿನ್ಯಾಗ ಭಾಳ ಹೊತ್ತು ಯಾರೂ ಪ್ಯಾನ್ ಮುಟ್ಟಲಿಲ್ಲ. ಕಿಟ್ ಜೊತಿ ಬಂದ ಪುಸ್ತಿಕೆಯೊಳಗ ಗಡ್ಡದ ಮುದುಕ, ಅವನ ಕತ್ತೆ, ನಗು ಮುಖ ಎಲ್ಲ ಅದ, ಈ ಮಂದಿ ಬಗ್ಗೆ ಒಂದು ಸಾಲೂ ಇಲ್ಲ, ನನ್ನ ದೊಡ್ಡ ತಕರಾರು ಇದು. ಬರದೋರು ಇತಿಹಾಸ ಅಂತ ತಲಿಬರಹ ಹಾಕಿದ ಮ್ಯಾಲ ಅದನ್ನ ಬರೀಬೇಕಾಗಿತ್ತು.

ಪ್ಯಾನಿನ ಕಾಲ ಭಾಳ ದಿನ ಇರಲಿಲ್ಲ ಅನ್ನೋದೂ ತೋರಿಸಬಹುದು. ನೀರಿನ ಪೈಪ್ ತಗೊಂಡು ಉಸುಕಿನ ಗುಡ್ಡಿ ಮ್ಯಾಲ ಜೋರಾಗಿ ನೀರು ಬಿಡ್ರಿ, ಒಂದು ನಿಮಿಷದಾಗ ಗುಡ್ಡಿ ಕರಗ್ತದ. 1853ರಿಂದ ಅಲ್ಲಿ ಹಿಂಗೇ ಗುಡ್ಡಗಳಿಗೇ ನೀರಿನ ತೋಪು ಹಚ್ಚಿದ್ರು, ಅಲ್ಲಿಗಿ ಒಂಟಿ ಪ್ಯಾನ್ ಹಿಡದವನ ಕಾಲ ಮುಗೀತು, ಕಂಪನಿ ಬಂತು, ಅವ ಕೂಲಿ ಆದ. ಕರಗಿದ ಕೆಸರು ಕೆಳಗಿನ ಬಯಲಿನ ರೈತರ ಹೊಲದಾಗ ಬಂದು ಕೂತಿತು, ನದಿ ತಳ ಏರಿ ಊರಿಗಿ ನೀರು ಹೊಕ್ಕಿತು. ರೈತರು ಕೋರ್ಟಿಗಿ ಹೋದ್ರು, 1884ರಾಗ ನ್ಯಾಯಾಧೀಶ ಸಾಯರ್ ಕೆಸರು ನದಿಗಿ ಬಿಡಬಾರದು ಅಂತ ತೀರ್ಪು ಕೊಟ್ರು. ನಾರಾಯಣಪುರ ಕಾಲವಿ ನೀರಿನ ಮ್ಯಾಲ ಬದುಕೋ ಹುಡುಗೂರು ಚಪ್ಪಾಳಿ ಹೊಡದಿದ್ದು ಈ ಒಂದು ಜಾಗದಾಗ. ಬಂಗಾರ ಹಿಡೀಲಾಕ ಬಳಸಿದ ಪಾದರಸ ಮಾತ್ರ ಈಗೂ ಅಲ್ಲಿನ ಹೊಳಿ ತಳದಾಗ ಅದ, ಅದಕ್ಕ ಹೇಳ್ತೀನಿ, ಮಾಸ್ತರರು ಯಾರಾದ್ರೂ ಈ ಕಿಟ್ ತಗೊಂಡ್ರ ಪಾದರಸ, ಸೀಸದ ಗುಂಡು ತರಬ್ಯಾಡ್ರಿ, ಛರ್ರಾನೇ ಸಾಕು.

ನಮ್ಮ ನೆಲದ ಮಾತಿಗಿ ಬಂದ್ರ ಈ ಪ್ಯಾನ್ ಕೆಲಸಕ್ಕ ಬರೋದಿಲ್ಲ, ಅದನ್ನೂ ಹೇಳ್ಬೇಕು. ಹಟ್ಟಿ ನಮಗ ದೂರ ಇಲ್ಲ, ಹೊಳಿ ದಾಟಿದ್ರ ಲಿಂಗಸೂಗೂರು ತಾಲೂಕು. ಅಲ್ಲಿನ ಬಂಗಾರ ಹೊಳಿ ಉಸುಕಿನಾಗಲ್ಲ, ಗಟ್ಟಿ ಕಲ್ಲಿನೊಳಗ, ಒಂದು ಟನ್ ಕಲ್ಲು ಪುಡಿ ಮಾಡಿದ್ರ ಕೆಲವೇ ಗ್ರಾಂ. ಹಂಗಿದ್ರೂ ಸುಮಾರು ಎರಡು ಸಾವಿರ ವರ್ಷದ ಹಿಂದೇ ನಮ್ಮ ಹಿರಿಯರು ಕಲ್ಲಿಗಿ ಬೆಂಕಿ ಹಚ್ಚಿ ಕಾಸಿ, ನೀರು ಸುರುವಿ ಸೀಳಿ, 600 ಅಡಿಗಿಂತ ಆಳ ಇಳಿದಿದ್ರು. ನಿಜಾಮರ ಕಾಲಕ್ಕ ಬ್ರಿಟಿಷ್ ಕಂಪನಿ ಬಂದು ತೋಡಿ 1920ರ ಸುಮಾರಿಗಿ ಬಿಟ್ಟು ಹೋಯ್ತು, 1947ರಾಗ ಹೈದರಾಬಾದ್ ಗೋಲ್ಡ್ ಮೈನ್ಸ್ ಅಂತ ಹೊಸಾ ಕಂಪನಿ ಆಯ್ತು, ಅದೇ ಇವತ್ತಿನ ಹಟ್ಟಿ ಚಿನ್ನದ ಗಣಿ, ಈಗೂ ನಡೀಲಾಕ ಹತ್ಯದ. ಹುಡುಗೂರಿಗಿ ಭಾಳ ಖುಷಿ ಕೊಟ್ಟಿದ್ದು ಮಸ್ಕಿ ಕತಿ. 1915ರಾಗ ಬೀಡನ್ ಅನ್ನೋ ಬಂಗಾರದ ಗಣಿ ಇಂಜಿನಿಯರ್ ಈ ಸೀಮ್ಯಾಗ ಬಂಗಾರ ಹುಡುಕ್ಲಾಕ ಬಂದು ಮಸ್ಕಿ ಗುಡ್ಡದ ಮ್ಯಾಲ ಕಲ್ಲಿನ ಶಾಸನ ಕಂಡ, ಶಾಸನಗಳಾಗ ಬರೋ ದೇವಾನಾಂಪ್ರಿಯ ಅನ್ನೋ ರಾಜ ಅಂದ್ರ ಅಶೋಕನೇ ಅಂತ ಗಟ್ಟಿ ಆಗಿದ್ದು ಆ ಕಲ್ಲಿನ ಮ್ಯಾಲಿದ್ದ ಹೆಸರಿನಿಂದ. ಬಂಗಾರ ಹುಡುಕ್ಲಾಕ ಹೋದವಗ ಅಶೋಕ ಸಿಕ್ಕ ಅಂತ ಒಬ್ಬ ಹುಡುಗ ನೋಟ್‌ಬುಕ್ಕಿನ್ಯಾಗ ದಪ್ಪ ಅಕ್ಷರದಾಗ ಬರಕೊಂಡಾನ.

ದೀಪಾವಳಿ ಆದ ಮ್ಯಾಲ ಕ್ಲಾಸಿನ್ಯಾಗ ಬೆಂಚು ಖಾಲಿ ಆಗ್ಲಾಕ ಹತ್ತಿದ್ವು. ಪ್ರತಿ ವರ್ಷ ಹಂಗೇ, ಗುಳೆ. ಬೆಂಗಳೂರಿಗಿ ಸೆಂಟ್ರಿಂಗ್ ಕೆಲಸಕ್ಕ, ಹೈದರಾಬಾದಿಗಿ, ಪುಣೆಗಿ, ಮನಿಗಿ ಕೀಲಿ ಹಾಕಿ ಹೋಗ್ತಾರ, ಇಲ್ಲಾ ಮುದುಕಿ ಮತ್ತ ಸಣ್ಣ ಹುಡುಗೂರನ್ನ ಬಿಟ್ಟು ಹೋಗ್ತಾರ. ಆವಾಗ ಕ್ಲಾಂಡೈಕ್ ಪಾಠ ನಡಸಿದ್ದೆ. 1896 ಆಗಸ್ಟ್‌ನ್ಯಾಗ ಕೆನಡಾದ ವಾಯವ್ಯ ಮೂಲ್ಯಾಗಿನ ಈ ಕ್ಲಾಂಡೈಕ್ ಸೀಮಿಯ ಒಂದು ಹಳ್ಳದಾಗ ಬಂಗಾರ ಸಿಕ್ತು, ಸುದ್ದಿ ಹಡಗಿನ್ಯಾಗ ಬಂದು ಮುಟ್ಟೋದಕ್ಕ 1897 ಜುಲೈ ಆಯ್ತು, ಒಂದು ಲಕ್ಷ ಮಂದಿ ಮನಿ ಬಿಟ್ಟು ಹೊಂಟ್ರು, ಒಂದು ವರ್ಷಕ್ಕಾಗೋ ಸಾಮಾನು, ಹತ್ತಹತ್ರ ಒಂದು ಟನ್, ಜೊತಿ ಇದ್ರೇ ಗಡಿ ದಾಟಲಾಕ ಬಿಡ್ತಿದ್ರು, ಅದನ್ನ ಬೆನ್ನ ಮ್ಯಾಲ ಹೊತ್ತು ಚಿಲ್ಕೂಟ್ ಕಣಿವಿಯ ಹಿಮದ ಏರು ಮೂವತ್ತು ನಲವತ್ತು ಸಲ ಹತ್ತಿ ಇಳಿದ್ರು. ಮುಟ್ಟಿದೋರು ಮೂವತ್ತು ನಲವತ್ತು ಸಾವಿರ. ಅಷ್ಟೊತ್ತಿಗಿ ಚಲೋ ಜಾಗ ಎಲ್ಲ ಮೊದಲೇ ಇದ್ದೋರ ಕೈಯಾಗ ಹೋಗಿದ್ವು, ಬಂದೋರು ಪರರ ಜಾಗದಾಗ ಕೂಲಿ ಮಾಡಿದ್ರು.

ಹಿಂದಿನ ಬೆಂಚಿನ ಒಬ್ಬ ಹುಡುಗ, ಅಜ್ಜಿ ಕೂಡ ಇರ್ತಾನ ಅವ, ಕೈ ಎತ್ತಿ ಕೇಳಿದ್ದು ಒಂದೇ ಮಾತು. ಅವರು ಹೊಳ್ಳಿ ಬಂದ್ರಾ ಸರ?

ಎಷ್ಟೋ ಮಂದಿ ಬಂದ್ರು, ಸಾಲ ಹೊತ್ಕೊಂಡು. ಎಷ್ಟೋ ಮಂದಿ ನಾಚಿಕಿಗಿ ಬರಲೇ ಇಲ್ಲ, ಅಲ್ಲೇ ಹೊಲ ಮಾಡಿದ್ರು, ರೈಲಿನ ಕೆಲಸಕ್ಕ ಹೋದ್ರು. ಮನ್ಯಾಗ ಉಳಿದ ಹೆಂಡ್ರು ಮಕ್ಕಳು ತಾವೇ ಹೊಲ ಅಂಗಡಿ ನೋಡ್ಕೊಂಡ್ರು. ಇಷ್ಟು ಹೇಳಿದೆ. ಅವ ಸ್ವಲ್ಪ ಹೊತ್ತು ಸುಮ್ಮ ಕೂತು, ಮೇಸ್ತ್ರಿ ನಮ್ಮ ಅಪ್ಪಗೂ ದಿನಕ್ಕ ಇಷ್ಟು ಸಿಗ್ತದ ಅಂತ ಹೇಳೇ ಕರಕೊಂಡು ಹೋದ ಸರ, ಯುಗಾದಿಗಿ ಬರ್ತಾರ ಅಂದ. ಬಂದ್ರು, ಯುಗಾದಿಗಿ ಬಂದ್ರು, ಮುಂಗಡ ತೀರಿಲ್ಲ ಅಂತ ಎಂಟು ದಿನ ಇದ್ದು ಮತ್ತ ಹೋದ್ರು.

ಇನ್ನ ಸಾಮಾನಿನ ಬಗ್ಗೆ ಉಳಿದಿದ್ದು. ಒಂದು ಶೀಶೆ ಬರೋವಾಗಲೇ ಒಡದಿತ್ತು, ಮಾರಿದೋರಿಗಿ ಮೂರು ಸಲ ಫೋಟೋ ಕಳಿಸಿದ ಮ್ಯಾಲ 12 ದಿನಕ್ಕ ಬೇರೆ ಬಂತು. ಪಿಚಕಾರಿ ಬಾಟ್ಲಿ ಮೂತಿ ಮೂರನೇ ತಿಂಗಳಿಗಿ ಸೀಳಿತು, ಈಗ ಔಷಧಿ ಡ್ರಾಪರ್ ಬಳಸ್ತೀವಿ. ಜರಡಿ ಗಟ್ಟಿ ಅದ. ದೊಡ್ಡ ಪ್ಯಾನ್ ಬಿಸಲಾಗ ಬಿಟ್ರೂ ಏನೂ ಆಗಿಲ್ಲ, ನಮ್ಮ ಬಿಸಲು ತಡಕೊಂಡದ ಅಂದ್ರ ದೊಡ್ಡ ಮಾತು. ಸಣ್ಣ ಪ್ಯಾನೇ ಹುಡುಗೂರ ಕೈಗಿ ಸರಿ, ದೊಡ್ಡದ್ರಾಗ ನೀರು ಉಸುಕು ತುಂಬಿದ್ರ ಎತ್ಲಾಕ ಆಗಲ್ಲ. ಹಂಗಾಗಿ ನನ್ನ ಮಾತು ಕೇಳಿದ್ರ ಪೂರ್ತಿ ಕಿಟ್ ಬ್ಯಾಡ, 10 ಇಂಚಿನ ಪ್ಯಾನ್ ಬಿಡಿಯಾಗಿ ಎರಡು ತಗೋರಿ, ಭೂತಗನ್ನಡಿ, ಡ್ರಾಪರ್ ಊರಾಗೇ ಸಿಗ್ತಾವ. ರೊಕ್ಕ ಇಲ್ಲಂದ್ರ ರೊಟ್ಟಿ ಹಿಟ್ಟು ನಾದೋ ಪರಾತನೂ ನಡಿತದ, ನಾವು ನೋಡೀವಿ, ಮೆಟ್ಟಿಲಿಲ್ಲ ಅಂತ ಛರ್ರಾ 20ರಾಗ 14 ಉಳಿದ್ವು, ಅಕ್ಕ ಹಿಡಿದ್ರ 18. ಐದಕ್ಕ ನಾಲ್ಕು ಸ್ಟಾರ್ ಕೊಡ್ತೀನಿ, ಒಂದು ಕಡಿಮಿ ಮಾಡಿದ್ದು ಡಬ್ಬಿ ಮ್ಯಾಲಿನ ಸುಳ್ಳಿಗಿ ಮತ್ತ ಆ ಪುಸ್ತಿಕೆಗಿ.

ಸಿಕ್ಕ ಕಣ ಪತ್ತಾರ ಕಾಕಾರಿಗಿ ಹೊಳ್ಳಿ ಕೊಡ್ಲಾಕ ಹೋದ್ರ ಅವರು ತಗೋಲಿಲ್ಲ, ಸಾಲಿಗಿರಲಿ ಅಂದ್ರು. ಶೀಶೆಯೊಳಗ ನೀರು ಹಾಕಿ ಹೆಡ್ ಮಾಸ್ತರರ ಕಪಾಟಿನ್ಯಾಗ ಇಟ್ಟೀವಿ. ಬರೋ ಜೂನ್‌ನ್ಯಾಗ ಹೊಸಾ ಒಂಬತ್ತನೇ ಕ್ಲಾಸ್ ಬರ್ತದ, ಈ ಸಲ ಎ, ಬಿ ಎರಡೂ ಸೆಕ್ಷನ್ ಕೂಡಿಸಿ ಮಾಡೋದು ಅಂತ ಮಾತಾಗ್ಯದ, ಕಾಕಾರು ಈಗಿಂದ್ಲೇ ನಮಗಂತ ಬ್ಯಾರೆ ಡಬ್ಬ್ಯಾಗ ಕಸ ಕೂಡಿಡ್ಲಾಕ ಹತ್ಯಾರ.